ಕಾಗದದ ಹೊಸ್ತಿಲು

"ಫ್ಯಾನ್ ಆಫ್ ಮಾಡ್ಲೇನ್ರೀ?"

ಹೇಮಂತ್ ಅವಳೊಂದಿಗೆ ಆಡಿದ ಮೊದಲ ಮಾತು ಇದು.

ಕೃಷ್ಣರಾಜಪೇಟೆಯ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಜನ ಕಡಿಮೆ. ಭೂಮಿಕ ಕೆಟ್ಟುಹೋದ ಪ್ರತಿಗಳನ್ನು ಸೀಳಿ, ಬೆರಳಲ್ಲಿ ಬಿಗಿಯಾಗಿ ಸುತ್ತಿ, ಅಂಗುಲದುದ್ದದ ಒಂದು ಕಂಬವನ್ನು ನಿಲ್ಲಿಸುತ್ತಿದ್ದಳು. ಅಂಟು ಇನ್ನೂ ಹಸಿಯಾಗಿತ್ತು. ಫ್ಯಾನಿನ ಗಾಳಿಗೆ ಕಂಬ ವಾಲುತ್ತಿತ್ತು. ಕೌಂಟರಿನ ಆಚೆ ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದವನು ಅವಳ ಉತ್ತರಕ್ಕೂ ಕಾಯದೆ ಕೈ ಚಾಚಿ ಸ್ವಿಚ್ ಒತ್ತಿಬಿಟ್ಟ. ಗಾಳಿ ನಿಂತಿತು. ಇಬ್ಬರೂ ಉಸಿರು ಹಿಡಿದು ಆ ಕಂಬವನ್ನೇ ನೋಡಿದರು.

"ಏನಿದು?"

"ಕಂಬ. ಕುಳ್ಳಮ್ಮನ ಮನೆ ಜಗಲೀದು."

"ಎಲ್ಲೈತೆ ಆ ಮನೆ?"

"ಅಲ್ಲಿ ಪಾರ್ಟಿ ಹಾಲ್ ಕಾಣ್ತದಲ್ಲ, ಅದರ ಅಡೀಲಿ."

ಅವನು ನಕ್ಕ. ನಕ್ಕಾಗ ಅವನ ಎಡಹುಬ್ಬಿನ ನಡುವೆ ಹಳೆಯ ಗಾಯದ ಒಂದು ಸಣ್ಣ ಗೀರು ಎದ್ದು ಕಂಡಿತು. ಉತ್ತರಕ್ಕೆ ಮುಂಚೆಯೇ ಫ್ಯಾನ್ ಆರಿಸುವ ಗಂಡಸು ಹೆಣ್ಣಿನ ಮನಸ್ಸಿಗೆ ಬೇಗ ಹತ್ತಿರವಾಗುತ್ತಾನೆ. ಪಾಪ, ಇದರಲ್ಲಿ ಭೂಮಿಕಳ ತಪ್ಪೇನೂ ಇಲ್ಲ. ಅಂಥವನನ್ನು ನಂಬಬೇಡ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಅವನು ತೊಣ್ಣೂರಿನ ಗೌಡರ ಮನೆಯವನು. ಗದ್ದೆ, ಹಸು ಎಲ್ಲ ಇದ್ದೂ ಅಪ್ಪನ ಹಂಗು ಬೇಡವೆಂದು ಒಂದು ಲೇಔಟ್ ಕಂಪನಿ ಸೇರಿದ್ದ. ಅವನ ಕೈಯಲ್ಲಿ ಸದಾ ಪತ್ರಗಳ ಕಟ್ಟು ಇರುತ್ತಿತ್ತು. ಆವತ್ತು ನಾಲ್ಕು ಹಾಳೆ ಜೆರಾಕ್ಸ್ ಮಾಡಿಸಿಕೊಂಡ. ಮಾರನೆಯ ದಿನ ಎರಡೇ ಹಾಳೆ, ಜೊತೆಗೆ ಆಧಾರ್ ಕಾರ್ಡು ತಂದ. ಅದರ ಮಾರನೆಯ ದಿನ ಮಾತ್ರ ಹಾಳೆಯೇ ಇಲ್ಲದೆ ಬಂದು, ಮತ್ತೆ ಆಧಾರ್ ಕಾರ್ಡ್ ತೆಗೆದು, "ಇದನ್ನೇ ಒಂದು ಕಾಪಿ ಹಾಕಿ" ಅಂದ.

"ನಿನ್ನೇನೂ ಇದನ್ನೇ ಹಾಕಿಸ್ಕೊಂಡ್ರಲ್ಲ."

"ನಿನ್ನೆ ನನ್ನ ಮುಖ ಸರಿಯಾಗಿ ಬಂದಿರ್ಲಿಲ್ಲ."

"ಇವತ್ತೂ ಬರಕ್ಕಿಲ್ಲ ಬುಡಿ. ಅದು ಮಿಷನ್ನಿನ ತಪ್ಪಲ್ಲ."

ಹೀಗೆ ಶುರುವಾಯಿತು.

*

ಅಂಗಡಿಯ ಅಟ್ಟದ ಮೇಲೆ, ಒಂದು ಪ್ಲೈವುಡ್ ಹಲಗೆಯ ಮೇಲೆ, ಪೇಟೆಯ ಮೇಲಿನ ಬೀದಿ ಇತ್ತು. ಈಗಿನದಲ್ಲ, ಅವಳು ಲಂಗ ಹಾಕಿಕೊಂಡು ಓಡಾಡಿದ ಕಾಲದ ಬೀದಿ. ನಾಡಹೆಂಚು, ಜಗಲಿ, ಗೋಡೆಗೆ ಒರಗಿಸಿದ ಸೈಕಲ್ಲು, ನಲ್ಲಿಯ ಮುಂದೆ ಸಾಲಾಗಿ ಇಟ್ಟ ಕೊಡ, ಎಲ್ಲವೂ ಕಾಗದ. ಹದಿಮೂರು ಮನೆಗಳಿದ್ದ ಬೀದಿಯಲ್ಲಿ ಹತ್ತು ವರ್ಷದಲ್ಲಿ ಹನ್ನೆರಡು ಮನೆ ಹೋಗಿ ಕಾಂಪ್ಲೆಕ್ಸು, ಮೊಬೈಲ್ ಅಂಗಡಿ, ಪಾರ್ಟಿ ಹಾಲ್ ಎದ್ದಿದ್ದವು. ಆ ಹನ್ನೆರಡನ್ನೂ ಅವಳು ಕಾಗದದಲ್ಲಿ ಕಟ್ಟಿದ್ದಳು. ನಡುವೆ ಒಂದು ಜಾಗ ಮಾತ್ರ ಖಾಲಿ ಬಿಟ್ಟಿದ್ದಳು.

"ಇಲ್ಲಿ?" ಹೇಮಂತ್ ಖಾಲಿ ಜಾಗದ ಮೇಲೆ ಬೆರಳಿಟ್ಟ.

"ಅದು ದೊಡ್ಡತಾಯಜ್ಜಿ ಮನೆ. ಇನ್ನೂ ಐತೆ. ನಾನು ಹೋಗಿರೋದನ್ನ ಮಾತ್ರ ಮಾಡೋದು. ಇರೋದನ್ನ ಮಾಡಕ್ಕಿಲ್ಲ."

"ಯಾಕೆ?"

"ಇರೋದನ್ನ ಹೋಗಿ ನೋಡ್ಬೋದಲ್ಲ."

ಅವಳ ಅಪ್ಪ ಚಂದ್ರಶೇಖರಾಚಾರಿ ಬಡಗಿ. ತಾತನೂ ಬಡಗಿ. ಆ ಬೀದಿಯ ಅಷ್ಟೂ ಬಾಗಿಲು ಅವರ ಮನೆಯ ಕೈಕೆಲಸ. ಯಾವ ಮನೆಯ ಬಾಗಿಲು ಎಷ್ಟು ಉದ್ದ, ಎಷ್ಟು ಅಗಲ ಎಂದು ತಾತ ಬರೆದಿಟ್ಟ ನೋಟ್‌ಬುಕ್ಕು ಇವತ್ತಿಗೂ ಅವಳ ಹತ್ತಿರ ಇದೆ. ಅದರಂತೆಯೇ ಅಳೆದು ಕತ್ತರಿಸುತ್ತಿದ್ದಳು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಉಳಿ, ಬಾಚಿಗಳನ್ನು ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದರು.

ಅವಳು ಒಂದು ಪುಟ್ಟ ಮನೆಯ ಹೊಸ್ತಿಲನ್ನು ಉಗುರಿನಿಂದ ಎತ್ತಿ ತೋರಿಸಿದಳು. ಅಂಟು ಹಾಕಿರಲಿಲ್ಲ, ಬೇರೆಯಾಗಿಯೇ ಬಂತು.

"ಇದನ್ಯಾಕೆ ಅಂಟಿಸಿಲ್ಲ?"

"ಅಂಟಿಸಂಗಿಲ್ಲ. ನಮ್ಮ ಬೀದೀಲಿ ಹೊಸ್ತಿಲು ಇಕ್ಕಿದ ಆಚಾರಿ ಮನೆಯೋರೇ ಅದನ್ನ ಎತ್ಬೇಕು. ಮನೆ ಕೆಡವ್ಬೇಕಾದ್ರೆ ಮೊದಲು ಅಪ್ಪನ್ನ ಕರೆಯೋರು. ಅಪ್ಪ ಕಾಯಿ ಒಡೆದು, ಉಳಿ ಹಾಕಿ ಹೊಸ್ತಿಲು ಎತ್ಕೊಟ್ರೇನೇ ಬೇರೆಯೋರು ಗೋಡೆ ಮುಟ್ಟೋದು. ಹನ್ನೆರಡೂ ಅಪ್ಪನೇ ಎತ್ತಿದ್ದು. ಎತ್ತಿದ ದಿನ ಮನೇಲಿ ಉಣ್ತಿರ್ಲಿಲ್ಲ."

"ದೊಡ್ಡತಾಯಮ್ಮಂದು?"

"ಅದು ನನ್ನ ಕೈಲೈತೆ. 'ನಿಮ್ ತಾತ ಇಕ್ಕಿದ ಹೊಸ್ತಿಲು ಕಣವ್ವ, ನಿಮ್ಮನೆಯೋರು ಎತ್ತೋಗಂಟ ನಾನು ಇಲ್ಲಿಂದ ಕದಲಾಕಿಲ್ಲ' ಅಂದ್ಬುಟ್ಟದೆ ಅಜ್ಜಿ. ಯಾವನೋ ಕಾಂಪ್ಲೆಕ್ಸ್ ಕಟ್ಟೋನು ಎಷ್ಟೋ ಸಲ ಬಂದು ಹೋದ. ನಾನು ಈ ಜನ್ಮದಲ್ಲಿ ಎತ್ತಕ್ಕಿಲ್ಲ. ಅಲ್ಲಿಗೆ ಮುಗೀತಲ್ಲ?"

"ಮುಗೀತು," ಅಂದ ಹೇಮಂತ್.

ಹೊಸ್ತಿಲನ್ನು ಅವಳ ಬೆರಳಿನಿಂದ ತೆಗೆದುಕೊಂಡು ಅದರ ಜಾಗದಲ್ಲಿಟ್ಟ. ಬೆರಳಿಗೆ ಬೆರಳು ತಾಗಿತು. ಅವಳ ಮುಖ ಕೆಂಪಾಯಿತು. ಅವನು ಎಷ್ಟು ಜೋಪಾನವಾಗಿ ಇಟ್ಟ ಎಂಬುದಷ್ಟೇ ಅವಳ ನೆನಪಿನಲ್ಲಿ ಉಳಿಯಿತು.

*

ತೊಣ್ಣೂರು ಕೆರೆ ಏರಿಯ ಮೇಲೆ ಅವರ ಎಷ್ಟು ಭಾನುವಾರಗಳು ಕಳೆದವೋ. ನೀರು ತಿಳಿಯಾಗಿರುತ್ತಿತ್ತು. ಅವನು ಕಲ್ಲು ಎಸೆಯುತ್ತಿದ್ದ, ಅವಳು ಬೈಯುತ್ತಿದ್ದಳು.

"ನನ್ನನ್ನೂ ಕಾಗದದಲ್ಲಿ ಮಾಡ್ಕೊಡೇ ಭೂಮಿ."

"ಆಗಕ್ಕಿಲ್ಲ. ನೀನು ಇದ್ದೀಯಲ್ಲ."

"ಪಾಂಡವಪುರದ ಆಫೀಸಲ್ಲಿದ್ದಾಗ ನಿನಗೆ ಕಾಣಕ್ಕಿಲ್ವಲ್ಲ."

"ಕಾಣ್ದೇ ಇರೋದೂ ಹೋಗೋದೂ ಒಂದೇನಾ? ಬಾಯಿ ಮುಚ್ಚು." ಅವಳು ಅವನ ಹುಬ್ಬಿನ ಗೀರನ್ನು ಬೆರಳಿನಿಂದ ಒತ್ತಿದಳು. "ನಿಮ್ಮ ಕಂಪನಿ ನಮ್ಮ ಬೀದಿಗೆ ಕಣ್ಣು ಹಾಕಿಲ್ಲ ತಾನೆ?"

"ನಮ್ಮ ಕೆಲಸ ಎಲ್ಲ ನಾಗಮಂಗಲ ರಸ್ತೇಲಿ. ನಿಮ್ಮ ಬೀದೀಲಿ ನಾನು ಕಣ್ಣು ಹಾಕಿರೋದು ಒಂದೇ ಒಂದಕ್ಕೆ."

ಅವಳು ನಾಚಿಕೊಂಡಳು. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು ಎಂದು ಆಮೇಲೆ ತಿಳಿಯಿತು.

ಮದುವೆಯ ಮಾತನ್ನು ಅವನು ಎತ್ತಿದ್ದು ದೊಡ್ಡತಾಯಮ್ಮನ ಜಗಲಿಯ ಮೇಲೆ. ಅಜ್ಜಿ ಒಳಗೆ ಮಜ್ಜಿಗೆ ಕಡೆಯುತ್ತಿದ್ದಳು. ಗೌಡರ ಮನೆಗೆ ಆಚಾರರ ಹುಡುಗಿಯನ್ನು ತರುವುದೆಂದರೆ ಅವನ ಅಪ್ಪ ಸಿಟ್ಟಿನಿಂದ ಕುಣಿದಾಡುವವರೇ. "ಕಂಪನೀಲಿ ಒಂದು ದೊಡ್ಡ ಕೆಲಸ ಆಗ್ಬೇಕು. ಅದಾದ್ರೆ ನನ್ನ ಕಾಲ ಮೇಲೆ ನಾನು ನಿಂತ್ಕೋತೀನಿ. ಅಪ್ಪ ಒಪ್ಲಿ, ಬುಡ್ಲಿ. ನೀನು ಹೂಂ ಅಂತೀಯಾ?"

ಅವಳು ಕಂಬದ ಕಡೆ ಮುಖ ತಿರುಗಿಸಿ "ಹೂಂ" ಅಂದಳು.

"ಏನವ್ವಾ ಅದು, ಊಂ ಊಂ ಅಂತಿದ್ದೀರಾ?" ಅಜ್ಜಿ ಲೋಟ ಹಿಡಿದು ಬಂದಳು. ಇಬ್ಬರ ಮುಖವನ್ನೂ ನೋಡಿ, ಬೊಚ್ಚುಬಾಯಿ ತೆರೆದು ನಕ್ಕಳು. "ಕುಡೀಲಾ, ಕುಡಿ. ನಮ್ಮ ಆಚಾರಿ ಮೊಮ್ಮಗೀನ ಅಳಿಸ್ದೆ ಅಂದ್ರೆ ಕಾಲು ಮುರ್ದುಬುಡ್ತೀನಿ."

ಹೇಮಂತ್ ಮಜ್ಜಿಗೆ ಕುಡಿದ. ಇನ್ನೊಂದು ಲೋಟವನ್ನೂ ಕೇಳಿ ಕುಡಿದ.

*

"ಒಂದೇ ಒಂದು ಕೇಳ್ತೀನಿ," ಅಂದ ಅವನು ಮಾರ್ಚಿ ತಿಂಗಳಲ್ಲಿ. "ಅಜ್ಜಿ ಮನೆ ಮಾಡ್ಕೊಡು. ನೀನು ಹೂಂ ಅಂದ ಜಗಲಿ ಅದು. ನಮ್ಮ ಮದುವೆ ಆದ್ಮೇಲೆ ನನ್ನ ಮೇಜಿನ ಮೇಲಿರ್ಲಿ."

"ಇರೋದನ್ನ ಮಾಡಕ್ಕಿಲ್ಲ ಅಂತ ಹೇಳಿದ್ನಲ್ಲ."

"ಎಲ್ಲಾರಿಗೂ ಇರೋ ನಿಯಮ ನನಗೂನಾ?"

ಈ ಮಾತಿಗೆ ಸೋಲದ ಹೆಣ್ಣು ಉಂಟೇ? ಉಂಟು, ಆದರೆ ಪ್ರೀತಿಸುವವಳು ಅಲ್ಲ. ಅವಳು ಹತ್ತೊಂಬತ್ತು ದಿನ ಕೂತಳು. ತಾತನ ನೋಟ್‌ಬುಕ್ಕು ತೆರೆದು ಅಳತೆ ತೆಗೆದಳು. ಹೆಂಚುಗಳನ್ನು ಅವನೂ ಅಂಟಿಸಿದ. ಅವನು ಅಂಟಿಸಿದ ಸಾಲು ಸೊಟ್ಟವಾಯಿತು, ಅವಳು ಅದನ್ನು ಹಾಗೆಯೇ ಬಿಟ್ಟಳು. ಜಗಲಿಯ ಮೇಲೆ ಮಜ್ಜಿಗೆ ಲೋಟಗಳನ್ನೂ ಇಟ್ಟಳು, ಸಾಸಿವೆಗಿಂತ ತುಸು ದೊಡ್ಡವು. ಕಡೆಗೆ ಹೊಸ್ತಿಲು ಮಾಡಿ, ಅಂಟು ಹಾಕದೆ, ಜಾಗದಲ್ಲಿ ಇಟ್ಟಳು. ಎಡೆ ಸಾಲದೆ ತುದಿ ಸ್ವಲ್ಪ ಎದ್ದುಕೊಂಡಿತ್ತು.

"ಹುಷಾರು, ಬಿದ್ಹೋಯ್ತದೆ," ಅಂದಳು, ಮನೆಯನ್ನು ಅವನ ಕೈಗಿಟ್ಟು.

"ನಾನು ಬೀಳಿಸ್ತೀನಾ?" ಅಂದ.

ಏಪ್ರಿಲ್ಲಿನಲ್ಲಿ ಅವನೇ ಒಂದು ಸುದ್ದಿ ತಂದ. ಶ್ರೀರಂಗಪಟ್ಟಣದಲ್ಲಿ ಮಕ್ಕಳಿಗೆ ಹತ್ತು ದಿನದ ಬೇಸಿಗೆ ಶಿಬಿರ ಇದೆ, ಕಾಗದದ ಕೆಲಸ ಹೇಳಿಕೊಡುವವರು ಬೇಕಂತೆ, ತಾನೇ ಮಾತಾಡಿದ್ದೇನೆ ಅಂದ. ಅವಳ ಕೈಗೆ ಬೆಲೆ ಸಿಗುವುದು ಅದೇ ಮೊದಲು. ಖುಷಿಯಲ್ಲಿ ಅವನ ತೋಳು ಗಿಲ್ಲಿದಳು. ಪಕ್ಕದ ಗಂಜಾಂನಲ್ಲಿ ಚಿಕ್ಕಮ್ಮನ ಮನೆ ಇತ್ತು, ಅಲ್ಲಿ ಉಳಿದಳು.

ಐದನೆಯ ದಿನ ಅವನು ಬಂದ. ನಿಮಿಷಾಂಬ ದೇವಸ್ಥಾನದ ಮೆಟ್ಟಿಲಿಳಿದು ಇಬ್ಬರೂ ಕಾವೇರಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಅವಳು ಬೇಡಿಕೊಂಡದ್ದು ಏನೆಂದು ಅವನು ಕೇಳಿದ. ಹೇಳಲ್ಲ ಅಂದಳು. ಅವನು ಅವಳ ಒದ್ದೆ ಪಾದವನ್ನು ತನ್ನ ಕರ್ಚೀಫಿನಿಂದ ಒರೆಸಿ, ತಲೆ ಎತ್ತದೆಯೇ, "ಎಲ್ಲ ಆಯ್ತು ಕಣೇ ಭೂಮಿ. ಇನ್ನು ನಮಗೆ ಯಾರೂ ಅಡ್ಡ ಇಲ್ಲ," ಅಂದ.

ಅಪ್ಪ ಒಪ್ಪಿದರು ಅಂದುಕೊಂಡಳು. ಕಣ್ಣಲ್ಲಿ ನೀರು ಬಂತು. ಮತ್ತೆ ಮೆಟ್ಟಿಲು ಹತ್ತಿ ಹೋಗಿ ದೇವರಿಗೆ ಇನ್ನೊಮ್ಮೆ ಕೈಮುಗಿದು ಬಂದಳು.

*

ಶಿಬಿರ ಮುಗಿಸಿ ಬಸ್ಸಿಳಿದು ಬಂದವಳಿಗೆ ಮೇಲಿನ ಬೀದಿ ವಿಪರೀತ ಬೆಳಕಾಗಿ ಕಂಡಿತು. ಅಷ್ಟು ಬಿಸಿಲು ಅಲ್ಲಿ ಯಾವತ್ತೂ ಬೀಳುತ್ತಿರಲಿಲ್ಲ. ದೊಡ್ಡತಾಯಮ್ಮನ ಮನೆ ಇದ್ದ ಜಾಗದಲ್ಲಿ ಜೆಸಿಬಿ ನಿಂತಿತ್ತು. ಒಡೆದ ಹೆಂಚು, ಮಣ್ಣಿನ ಗುಡ್ಡೆ, ಅದರ ಮೇಲೆ ಕಂಪನಿಯ ಬೋರ್ಡು. ಹೇಮಂತನ ಅಂಗಿಯ ಜೇಬಿನ ಮೇಲೆ ದಿನವೂ ನೋಡುತ್ತಿದ್ದ ಹೆಸರೇ ಅದು.

ಹಿಂದಿನ ಓಣಿಯ ತಮ್ಮ ಮನೆಗೆ ಓಡಿದಳು. ಅವ್ವ ಪುಟ್ಟತಾಯಮ್ಮ ಮುಖ ಊದಿಸಿಕೊಂಡು ಕೂತಿದ್ದಳು.

"ಅಜ್ಜಿ ಎಲ್ಲವ್ವಾ?"

"ನಾಗಮಂಗಲಕ್ಕೆ, ಮಗಳ ಮನೆಗೆ ಹೋಯ್ತು. ನನ್ನೇನು ಕೇಳೀಯೆ? ಹೊಸ್ತಿಲು ಎತ್ತಿ ಕಳಿಸಿದೋಳು ನೀನು. ನನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ನಿಲ್ವಾ ನಿಂಗೆ?"

"ನಾನೆಲ್ಲಿ ಎತ್ದೆ?"

"ಆ ಹುಡುಗ ತಂದ್ಕೊಟ್ನಲ್ಲ. ಅಜ್ಜಿ ಮನೇನ ಕಾಗದ್ದಲ್ಲಿ ಮಾಡಿ, ಹೊಸ್ತಿಲು ಬೇರೆಯಾಗಿ ಎತ್ತಿಕ್ಕಿ. ಅಜ್ಜಿ ಅದನ್ನ ನೋಡ್ತಿದ್ದಂಗೇ ಪತ್ರಕ್ಕೆ ಹೆಬ್ಬೆಟ್ಟು ಕೊಡ್ತೀನಿ ಬಾ ಅಂತ ಎದ್ಬುಡ್ತು."

ಭೂಮಿಕ ಗೋಡೆ ಹಿಡಿದು ಕೂತಳು. ಅಟ್ಟದ ಮೇಲೆ ಅವನು ಹೊಸ್ತಿಲನ್ನು ಜೋಪಾನವಾಗಿ ಜಾಗದಲ್ಲಿಟ್ಟದ್ದು ನೆನಪಾಯಿತು. ಅವನಿಗೆ ಆ ಬೀದಿಯ ಪದ್ಧತಿ ಗೊತ್ತಿರಲಿಲ್ಲ. ಹೇಳಿಕೊಟ್ಟವಳು ಅವಳೇ.

ಫೋನ್ ಮಾಡಿದಳು.

"ಭೂಮಿ, ನಾನು ಒಂದೇ ಒಂದು ಸುಳ್ಳು ಹೇಳಿಲ್ಲ ಅಜ್ಜಿಗೆ," ಅಂದ ಅವನು. "ಮನೆ ಇಟ್ಟೆ. ಹೊಸ್ತಿಲು ತೆಗೆದು ಪಕ್ಕದಲ್ಲಿಟ್ಟೆ. ಬಾಯೇ ಬಿಡ್ಲಿಲ್ಲ. ಅವರೇ ಅಂದ್ಕೊಂಡ್ರು."

"ಯಾಕೆ ತೆಗ್ದೆ?"



"ನಮ್ಮಿಬ್ಬರಿಗೋಸ್ಕರ ಕಣೇ. ನಿನ್ನಾಣೆ."

ಅವಳಿಗೆ ಎಲ್ಲಕ್ಕಿಂತ ಉರಿದದ್ದು ಏನೆಂದರೆ, ಅವನು ಹೇಳಿದ್ದು ನಿಜವಾಗಿತ್ತು. ಅವನು ಅವಳನ್ನು ಪ್ರೀತಿಸುತ್ತಿದ್ದ. ಸುಳ್ಳು ಪ್ರೀತಿಯಾಗಿದ್ದರೆ ಉಗಿದು ಮುಖ ತೊಳೆದುಕೊಳ್ಳಬಹುದಿತ್ತು.

*

ನಾಗಮಂಗಲದಲ್ಲಿ ದೊಡ್ಡತಾಯಮ್ಮ ಮಗಳ ಮನೆಯ ಎರಡನೆಯ ಮಹಡಿಯಲ್ಲಿದ್ದಳು. ಮಂಡಿನೋವಿನ ಮುದುಕಿಗೆ ಅಷ್ಟು ಮೆಟ್ಟಿಲು ಇಳಿಯಲಾಗುವುದಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಕೆಳಗೆ ಮಾತಾಡಿಸಲು ಯಾರೂ ಗುರುತಿನವರಿಲ್ಲ.

"ಬಾ ಮಗಾ, ಒಳೀಕೆ ಬಾ."

ಫ್ರಿಜ್ಜಿನ ಮೇಲೆ, ಧೂಳು ಬೀಳದಂತೆ ಪ್ಲಾಸ್ಟಿಕ್ ಕವರು ಹೊದಿಸಿ, ಕಾಗದದ ಮನೆ ಇಟ್ಟಿದ್ದರು. ಸೊಟ್ಟ ಸಾಲಿನ ಹೆಂಚು ಕವರಿನೊಳಗಿಂದ ಕಾಣುತ್ತಿತ್ತು. ಭೂಮಿಕ ಎಲ್ಲ ಹೇಳಿಬಿಡಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಮೋಸ ಆಯ್ತು ಅಜ್ಜಿ, ನಾನು ಕಳಿಸಿದ್ದಲ್ಲ, ನಿನಗೆ ಮೋಸ ಮಾಡಿದರು.

ಅಜ್ಜಿ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಅಡಿಕೆ ಹೋಳುಗಳ ನಡುವಿನಿಂದ ಕಾಗದದ ಹೊಸ್ತಿಲನ್ನು ತೆಗೆದಳು. ಅದರ ಅಂಚಿಗೆ ಸುಣ್ಣ ಹತ್ತಿತ್ತು.

"ಇದೊಂದ ನನ್ನತ್ರನೇ ಇಟ್ಕಂಡಿವ್ನಿ. ನಿಮ್ಮಪ್ಪ ಆಗಿದ್ರೆ ಕಾಯಿ ಒಡ್ದು ಉಳಿ ಇಕ್ಕೋನು. ನೀನು ಎಣ್ಮಗ, ನನ್ನ ಮುಂದೆ ನಿಂತು ಎತ್ತಾಕೆ ಮನಸ್ಸು ಬರ್ನಿಲ್ಲ, ಅದಕ್ಕೇ ಇಂಗೆ ಮಾಡಿ ಕಳಿಸವ್ಳೆ ಅಂದ್ಕಂಡೆ. ಬೇಜಾರಾಯ್ತು ಮಗಾ, ಸುಳ್ಳು ಯಾಕೆ ಏಳ್ಲಿ. ಆದ್ರೆ ಆಚಾರಿ ಮನೆಯೋರೇ ಎತ್ತವ್ರೆ ಅಂದ್ಮೇಲೆ ಸರಿಯಾದ ರೀತೀಲೇ ಬುಟ್ಬಂದೆ ಅಂತ ಒಂದು ಸಮಾಧಾನ. ಅಷ್ಟು ಸಾಕು ನಂಗೆ."

ಅವಳು ಭೂಮಿಕಳ ಗಲ್ಲ ಹಿಡಿದು ಮುಖ ಎತ್ತಿದಳು. ಕಣ್ಣಿಗೆ ಪೊರೆ ಬಂದಿದ್ದರೂ ನೋಟ ಮೊದಲಿನಂತೆಯೇ ಚುರುಕಾಗಿತ್ತು.

"ನೀನೇ ತಾನೆ ಮಗಾ ಕಳಿಸಿದ್ದು?"

ಇಲ್ಲವೆಂದರೆ ಆ ಒಂದು ಸಮಾಧಾನವನ್ನೂ ಮುದುಕಿಯ ಕೈಯಿಂದ ಕಿತ್ತುಕೊಂಡಂತೆ. ಮನೆ ವಾಪಸು ಬರುವುದಿಲ್ಲ. ಉಳಿದ ದಿನಗಳನ್ನೆಲ್ಲ ಈ ಕಿಟಕಿಯ ಹತ್ತಿರ ಕೂತು, ಎರಡು ಲೋಟ ಮಜ್ಜಿಗೆ ಕುಡಿದ ಹುಡುಗ ಹೇಗೆ ಏಮಾರಿಸಿದ ಎಂದು ಯೋಚಿಸಬೇಕು.

"ಹೂಂ ಅಜ್ಜಿ," ಅಂದಳು ಭೂಮಿಕ. "ನಾನೇ ಕಳಿಸಿದ್ದು."

ಅವಳು ಜಗಲಿಯ ಮೇಲೆ ಅಂದ ಹೂಂಗೆ ಅವತ್ತು ಬೆಲೆ ತೆತ್ತಳು.

"ಯಾಕೆ ಅಳ್ತೀಯೆ? ಅವ್ನು ಚೆನ್ನಾಗಿ ನೋಡ್ಕಂತಾನಾ ನಿನ್ನ?" ಅಜ್ಜಿ ಸೆರಗಿನಿಂದ ಅವಳ ಮುಖ ಒರೆಸಿದಳು.

*

ತಿಂಗಳಾದ ಮೇಲೆ ಅವಳೇ ಅವನಿಗೆ ಫೋನ್ ಮಾಡಿ ತೊಣ್ಣೂರು ಕೆರೆಗೆ ಬಾ ಅಂದಳು. ಅವನು ಅರ್ಧ ಗಂಟೆ ಮುಂಚೆಯೇ ಬಂದು ಕಾದಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಕಂಕುಳಲ್ಲಿ ಹೆಲ್ಮೆಟ್ ಇತ್ತು. ಅವಳ ಕೈಯಲ್ಲಿ ಸ್ವೀಟ್ ಬಾಕ್ಸ್ ಕಂಡದ್ದೇ ಮುಖ ಅರಳಿತು. ಅವನನ್ನು ನೋಡಿದಾಗ ಅವಳ ಎದೆ ಇವತ್ತಿಗೂ ಹೊಡೆದುಕೊಂಡಿತು. ಅದಕ್ಕೆ ಅವಳು ತನ್ನನ್ನು ತಾನೇ ಬೈದುಕೊಂಡಳು.

"ಅಪ್ಪ ಒಪ್ಪವ್ರೆ ಭೂಮಿ. ನಿಜವಾಗ್ಲೂ. 'ಆಚಾರರೋ ಯಾರೋ, ಹುಡುಗಿ ಒಳ್ಳೇದಾದ್ರೆ ಸಾಕು' ಅಂದ್ಬುಟ್ರು. ನಾಗಮಂಗಲ ರಸ್ತೇಲಿ ಕಂಪನಿಯೋರು ನನಗೆ ಒಂದು ಸೈಟೂ ಕೊಟ್ಟವ್ರೆ. ಅಲ್ಲಿ ಮನೆ ಕಟ್ಟಣ. ಹೊಸ್ತಿಲು ನಿನ್ನ ಕೈಯಾರೆ ಇಡು. ಅಜ್ಜೀನೂ ಕರ್ಕೊಂಡ್ಬಂದು ನಮ್ಮ ಜೊತೇಲೇ ಇಟ್ಕೊಳಣ. ನಾನು ತಪ್ಪು ಮಾಡ್ದೆ. ಒಪ್ಕೋತೀನಿ. ಜೀವಮಾನ ಪೂರ್ತಿ ತಪ್ಪೊಪ್ಕೋತೀನಿ, ಬೇಕಾದ್ರೆ ದಿನಾ ಬೆಳಿಗ್ಗೆ ಎದ್ದು ಒಂದು ಸಲ."

ಒಂದು ಕ್ಷಣ ಅವಳ ತುಟಿ ನಗುವ ಹಾಗೆ ಅಲುಗಿತು. ಅವನಿಗೆ ಅವಳನ್ನು ನಗಿಸುವುದು ಗೊತ್ತಿತ್ತು.

"ತೆಗಿ," ಅಂದಳು, ಡಬ್ಬ ಕೊಟ್ಟು.

ಮುಚ್ಚಳ ತೆಗೆದ. ಒಳಗೆ ಸಿಹಿ ಇರಲಿಲ್ಲ. ಬೆರಳುದ್ದದ ಒಬ್ಬ ಕಾಗದದ ಗಂಡಸು ನಿಂತಿದ್ದ. ಕಂಪನಿಯ ಬ್ರೋಷರ್ ಕತ್ತರಿಸಿ ಮಾಡಿದ ಅಂಗಿ, ಕಂಕುಳಲ್ಲಿ ಹೆಲ್ಮೆಟ್ಟು. ಎಡಹುಬ್ಬಿನ ನಡುವೆ ಸೂಜಿಮೊನೆಯಷ್ಟು ಒಂದು ಗೀರು. ಬಲಗೈ ಮುಂದೆ ಚಾಚಿತ್ತು, ಸ್ವಿಚ್ ಒತ್ತಲು ಹೊರಟವನ ಹಾಗೆ.

"ಕೊನೆಗೂ ಮಾಡ್ಬುಟ್ಟೆಯಲ್ಲೇ!" ಹೇಮಂತ್ ಮಕ್ಕಳ ಹಾಗೆ ನಕ್ಕ. "ಹುಬ್ಬು ನೋಡು, ಹುಬ್ಬು! ನಾನೇ ಕಣೇ! ಎಷ್ಟು ಸಲ ಕೇಳಿದ್ದೆ, ನೀನು ಮಾಡಕ್ಕಿಲ್ಲ, ಇರೋದನ್ನ ಮಾಡಕ್ಕಿಲ್ಲ ಅಂತ..."

ನಗು ಅಲ್ಲೇ ನಿಂತಿತು. ಅವನು ಬೊಂಬೆಯನ್ನು ನೋಡಿದ. ಅವಳನ್ನು ನೋಡಿದ. ಹೆಲ್ಮೆಟ್ ಕಂಕುಳಿನಿಂದ ಜಾರಿ ಏರಿಯ ಮೇಲೆ ಉರುಳಿತು, ಎತ್ತಿಕೊಳ್ಳಲಿಲ್ಲ.

"ಭೂಮಿ," ಅಂದ. "ನಾನು ಇಲ್ಲೇ ಇದ್ದೀನಲ್ಲ."

"ಅಜ್ಜಿ ಮನೇನೂ ಇತ್ತಲ್ಲ ಹೇಮಂತ್, ನಾನು ಮಾಡ್ವಾಗ."

ಅವಳು ಏರಿ ಇಳಿದು ರಸ್ತೆಗೆ ಬಂದಳು. ಹಿಂದಿನಿಂದ ಎರಡು ಸಲ ಕರೆದ. ಮೂರನೆಯ ಸಲ ಕರೆದಿದ್ದರೆ ತಿರುಗಿಬಿಡುತ್ತಿದ್ದಳೇನೋ, ಕರೆಯಲಿಲ್ಲ. ಪಾಂಡವಪುರದ ಬಸ್ಸು ಬಂತು. ಹತ್ತಿದಳು.

ಮನೆ ಸೇರುವಾಗ ಸಂಜೆಯಾಗಿತ್ತು. ಅವ್ವ ಬಿಸಿ ಮುದ್ದೆ ತಟ್ಟೆಗೆ ಹಾಕಿ, ಸಾರು ಬಿಟ್ಟು, ಮುಂದಿಟ್ಟಳು.

"ಇವತ್ತು ನನಗೆ ಊಟ ಬೇಡ ಕಣವ್ವ," ಅಂದಳು ಭೂಮಿಕ.

ಪುಟ್ಟತಾಯಮ್ಮ ಗಂಡನ ಬಾಯಲ್ಲಿ ಈ ಮಾತನ್ನು ಹನ್ನೆರಡು ಸಲ ಕೇಳಿದವಳು. ಮಗಳ ಮುಖ ನೋಡಿದಳು. ಯಾರ ಮನೆಯ ಹೊಸ್ತಿಲು ಎಂದು ಕೇಳಲಿಲ್ಲ. ತಟ್ಟೆ ಮುಚ್ಚಿಟ್ಟು, ಪಕ್ಕದಲ್ಲಿ ಬಂದು ಕೂತಳು.